ಇಲಿ ಬಿದ್ದ ಮನೆಗಳು

ಕನ್ನಡದ ಎರಡು ಪ್ರಸಿದ್ಧ ಕಾದಂಬರಿಗಳಲ್ಲಿ ಇಲಿಗಳು ಸಾಯುತ್ತವೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರ ಬಂದು ಸತ್ತುಹೋಗುತ್ತಾನೆ. ಅವನ ಶವಕ್ಕೆ ಸಂಸ್ಕಾರ ಮಾಡಬೇಕಾದವರು ಯಾರು ಎಂದು ಅಗ್ರಹಾರ ತಲೆಕೆಡಿಸಿಕೊಂಡಿರುವ ಹೊತ್ತಿನಲ್ಲೇ ಇಲಿಗಳು ಒಂದೊಂದಾಗಿ ಹೊರಬಂದು ಸಾಯತೊಡಗುತ್ತವೆ. ಅವನ್ನು ತಿನ್ನಲು ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಅಗ್ರಹಾರದವರು ಜಾಗಟೆ ಬಾರಿಸಿ ಹದ್ದುಗಳನ್ನು ಓಡಿಸುತ್ತಾರೆ. ಇಲಿ ಏಕೆ ಸತ್ತಿತು ಎಂಬ ಪ್ರಶ್ನೆ ಅವರಿಗೆ ಬೇಗ ಹೊಳೆಯುವುದಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ (1970) ಹಳ್ಳಿಯಲ್ಲಿ ಹಾಗಲ್ಲ. ಅಲ್ಲಿನ ಜನಕ್ಕೆ ಇಲಿ ಸತ್ತರೆ ಏನೆಂದು ಗೊತ್ತು. ಊರು ಬಿಟ್ಟು ಹೊರಗೆ ಶೆಡ್ಡು ಹಾಕಿಕೊಳ್ಳುವುದು ಅವರಿಗೆ ರೂಢಿ. ಅಷ್ಟಾದರೂ ನಂಜಮ್ಮ ಬೆಳೆದ ಮಗಳನ್ನೂ ಮಗನನ್ನೂ ಪ್ಲೇಗಿಗೆ ಕೊಡುತ್ತಾಳೆ. ಕೊನೆಗೆ ತಾನೂ ಅದೇ ರೋಗದಲ್ಲಿ ತೀರಿಕೊಳ್ಳುತ್ತಾಳೆ.

‘ಇಲಿ ಬಿತ್ತು’ ಎಂಬ ಎರಡು ಪದಗಳಲ್ಲಿ ಒಂದು ರೋಗಶಾಸ್ತ್ರವೇ ಇದೆ. ಮನುಷ್ಯರಿಗೆ ರೋಗ ಬರುವ ಮೊದಲು ಮನೆಯ ಇಲಿ ಸಾಯುತ್ತದೆ, ಇಲಿ ಸತ್ತ ಮನೆಯಲ್ಲಿ ಇರಬಾರದು ಎಂಬ ತಿಳಿವಳಿಕೆ ಅದರೊಳಗಿದೆ. ವಸಾಹತುಕಾಲದ ಆರೋಗ್ಯ ಆಡಳಿತದ ವರದಿಗಳನ್ನು ಓದುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಈ ಮಾತು ಪದೇಪದೇ ಎದುರಾಗುತ್ತದೆ. ಪ್ಲೇಗಿನ ರೋಗಾಣು ಪತ್ತೆಯಾದದ್ದು 1894ರಲ್ಲಿ. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ಬರುತ್ತದೆ ಎಂದು ಸರ್ಕಾರದ ವಿಜ್ಞಾನಿಗಳು ಒಪ್ಪಿಕೊಳ್ಳುವ ಹೊತ್ತಿಗೆ 1908 ಸಮೀಪಿಸಿತ್ತು. ಕಳ್ಳನ ಹೆಸರು ಗೊತ್ತಿದೆ, ಅವನು ಮನೆಯೊಳಗೆ ನುಗ್ಗುವ ಕಿಂಡಿ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಸುಮಾರು ಹದಿನಾಲ್ಕು ವರ್ಷ ಕಳೆದವು. ಈ ಅವಧಿಯಲ್ಲಿ ಏನೇನಾಯಿತು ಎಂಬುದು ಈ ಬರಹದ ವಿಷಯ.

1894ರ ಜೂನಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗು ಹಬ್ಬಿತ್ತು. ಅದರ ಕಾರಣ ಹುಡುಕಲು ಇಬ್ಬರು ವಿಜ್ಞಾನಿಗಳು ಬಂದರು. ಜರ್ಮನಿಯ ರಾಬರ್ಟ್ ಕಾಕ್ ಬಳಿ ಕಲಿತಿದ್ದ ಜಪಾನಿನ ಕಿಟಸಾಟೋ ಶಿಬಾಸಬುರೋ ಒಬ್ಬರು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದ ಅಲೆಕ್ಸಾಂಡರ್ ಯರ್ಸಿನ್ ಇನ್ನೊಬ್ಬರು. ಕಿಟಸಾಟೋ ಅವರಿಗೆ ಆಸ್ಪತ್ರೆಯ ಬಾಗಿಲು ತೆರೆದಿತ್ತು, ಯರ್ಸಿನ್‌ಗೆ ಶವಾಗಾರದೊಳಗೆ ಪ್ರವೇಶ ಸಿಗಲಿಲ್ಲ. ಅವರು ಹುಲ್ಲಿನ ಗುಡಿಸಲು ಹಾಕಿಕೊಂಡು, ಹೆಣ ಹೂಳುವ ಕೆಲಸಕ್ಕಿದ್ದ ನಾವಿಕರ ಕೈಗೆ ಒಂದಿಷ್ಟು ಹಣ ತುರುಕಿ, ಸತ್ತವರ ಗಡ್ಡೆಯಿಂದ ದ್ರವ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೊಂಡು ತುದಿಯ ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾ ಅದರಲ್ಲಿ ಕಿಕ್ಕಿರಿದಿದ್ದವು. ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ರೋಗಾಣುವನ್ನು ಕಂಡರು. ಯರ್ಸಿನ್ ಕೊಟ್ಟ ವಿವರಣೆ ಹೆಚ್ಚು ಖಚಿತವಾಗಿತ್ತು. ಇಂದು ಆ ಬ್ಯಾಕ್ಟೀರಿಯಾವನ್ನು ಯರ್ಸಿನಿಯಾ ಪೆಸ್ಟಿಸ್ ಎನ್ನುತ್ತಾರೆ. ಬೀದಿಯಲ್ಲಿ ಸತ್ತುಬಿದ್ದ ಇಲಿಗಳನ್ನೂ ಯರ್ಸಿನ್ ಕೊಯ್ದು ನೋಡಿದ್ದರು. ಅವುಗಳಲ್ಲೂ ಅದೇ ಬ್ಯಾಕ್ಟೀರಿಯಾ ಇತ್ತು.

ಎರಡು ವರ್ಷಗಳ ಬಳಿಕ ರೋಗ ಮುಂಬಯಿಗೆ ಬಂತು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಪಕ್ಕದ ಮಾಂಡ್ವಿ ಪ್ರದೇಶದಲ್ಲಿ ಡಾ. ಅಕಾಸಿಯೋ ವಿಯೇಗಾಸ್ ಅದನ್ನು ಪ್ಲೇಗ್ ಎಂದು ಗುರುತಿಸಿದರು. ಮಾಂಡ್ವಿಯೆಂದರೆ ದವಸಧಾನ್ಯದ ಗೋದಾಮುಗಳ ಕೇರಿ. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಚಿಗಟ. ಇಂದು ನಮಗೆ ಇದು ಸಾಮಾನ್ಯ ಲೆಕ್ಕ. ಅಂದಿನ ಆಡಳಿತ ಹೊಲಸನ್ನು ನೋಡಿತು. ಕತ್ತಲೆ, ತೇವ, ಕೊಳಚೆ ಮತ್ತು ಇಕ್ಕಟ್ಟಿನಲ್ಲಿ ಬದುಕುವ ಬಡವರೇ ರೋಗದ ಮೂಲ ಎಂಬ ಹಳೆಯ ನಂಬಿಕೆಗೆ ಈಗ ಹೊಸ ರೋಗಾಣುವನ್ನು ಜೋಡಿಸಿಕೊಂಡಿತು. ರೋಗಾಣು ಮಣ್ಣಿನಲ್ಲಿ, ನೆಲದಲ್ಲಿ, ಬಟ್ಟೆಯಲ್ಲಿ ಅಂಟಿಕೊಂಡಿದೆ. ಅಲ್ಲಿಂದ ಬರಿಗಾಲಿನ ಗಾಯಗಳ ಮೂಲಕವೋ ಉಸಿರಿನ ಮೂಲಕವೋ ಮೈ ಹೊಗುತ್ತದೆ ಎಂದು ಅಧಿಕಾರಿಗಳು ಲೆಕ್ಕ ಹಾಕಿದರು. ಇಲಿಗಳು ಸಾಯುತ್ತಿರುವುದು ಅವರಿಗೂ ಕಾಣುತ್ತಿತ್ತು. ಆದರೆ ಇಲಿಗೂ ಮನುಷ್ಯನಿಗೂ ಒಂದೇ ನೆಲದಿಂದ ರೋಗ ತಗುಲಿದೆ, ನೆಲಕ್ಕೆ ಹತ್ತಿರವಿರುವ ಇಲಿ ಮೊದಲು ಸಾಯುತ್ತದೆ ಎಂದು ಅದನ್ನು ವಿವರಿಸಿಕೊಂಡರು.

ಹೀಗೆ ನೆಲದ ಮೇಲೆ ಯುದ್ಧ ಶುರುವಾಯಿತು. ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಸುರಿದರು, ಮನೆಗಳ ನೆಲ ಅಗೆಸಿದರು, ಬೆಳಕು ಬರಲೆಂದು ಹೆಂಚು ಇಳಿಸಿದರು, ಹಾಸಿಗೆ ಬಟ್ಟೆ ಸುಟ್ಟರು. ರೋಗಿಯನ್ನು ಆಸ್ಪತ್ರೆಗೂ ಅವನ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಒಯ್ದರು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಕೆಲವೇ ಸೆಕ್ಷನ್ನುಗಳ ಪುಟ್ಟ ಕಾಯಿದೆ ಅದು, ಆದರೆ ರೋಗ ತಡೆಯಲು ಅಗತ್ಯವೆನಿಸಿದ ಯಾವ ಕ್ರಮವನ್ನಾದರೂ ಕೈಗೊಳ್ಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಆ ಕಾಯಿದೆಯಡಿ ಕೆಲಸ ಮಾಡಿದ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. 2020ರ ಕೊರೊನಾ ದಿನಗಳಲ್ಲಿ ನಮ್ಮ ರಾಜ್ಯಗಳು ಮೊದಲು ಕೈಗೆತ್ತಿಕೊಂಡದ್ದೂ ಇದನ್ನೇ.

ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್ ಸೈನಿಕರನ್ನೇ ಮನೆಗಳೊಳಗೆ ಕಳಿಸಿದ. ಅಡುಗೆಮನೆ, ದೇವರಮನೆ ಎನ್ನದೆ ಹೊಕ್ಕು ಹುಡುಕಿದ್ದು, ಹೆಂಗಸರ ಮೈ ತಪಾಸಣೆ, ಇವೆಲ್ಲ ಊರನ್ನು ಕೆರಳಿಸಿದವು. ಜೂನ್ 22ರ ರಾತ್ರಿ ಚಾಫೇಕರ್ ಸಹೋದರರ ಗುಂಡು ರ‍್ಯಾಂಡ್‌ನ ಮೇಲೆ ಹಾರಿತು. ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಅವರು ಸೆರೆಮನೆಗೆ ಹೋದರು. ನಮ್ಮ ಪಠ್ಯಪುಸ್ತಕಗಳಲ್ಲಿ ಪ್ಲೇಗು ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ಒಂದು ಪುಟದಲ್ಲಿ, ರಾಷ್ಟ್ರೀಯ ಚಳವಳಿಯ ಹಿನ್ನೆಲೆಯಾಗಿ. ಪುಣೆಯ ಮನೆಗಳಲ್ಲಿ ಸೈನಿಕರು ಹುಡುಕಿದ್ದು ಮನುಷ್ಯರನ್ನು. ರೋಗ ಹೊತ್ತ ಪ್ರಾಣಿ ಅದೇ ಮನೆಗಳ ಅಟ್ಟ, ಗೋಡೆಗಳಲ್ಲಿ ಓಡಾಡುತ್ತಿತ್ತು ಎಂಬ ಮಾತು ಆ ಪುಟದಲ್ಲಿ ಸಿಗುವುದು ಅಪರೂಪ.

ಮುಂಬಯಿಯಿಂದ ಪ್ಲೇಗು ರೈಲು ಹತ್ತಿತು. ದಕ್ಷಿಣ ಮರಾಠಾ ರೈಲ್ವೆಯ ಜಂಕ್ಷನ್ ಆಗಿದ್ದ ಹುಬ್ಬಳ್ಳಿಗೆ, ಧಾರವಾಡದ ಸೀಮೆಗೆ, 1898ರಲ್ಲಿ ಅಲ್ಲಿಂದ ಮುಂದೆ ಬೆಂಗಳೂರಿಗೆ ಬಂತು. ಮೈಸೂರು ಸಂಸ್ಥಾನದಲ್ಲೂ ಮನೆ ತಪಾಸಣೆ, ಪ್ರತ್ಯೇಕ ಶಿಬಿರಗಳ ಕ್ರಮಗಳು ಬಂದವು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಅವುಗಳ ವಿರುದ್ಧ ಗಲಭೆಯೇ ಆಯಿತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕೆಂಬ ಯೋಚನೆಗೆ ಈ ಪಿಡುಗು ವೇಗ ಕೊಟ್ಟಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದು ಈ ಕಾಲದಲ್ಲಿ. ಅಗಲವಾದ ನೇರ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸಲು ಸಂದಿ, ಗಾಳಿ ಬೆಳಕಿಗೆ ಸುತ್ತ ಖಾಲಿ ಜಾಗ. ಇಂದು ನಾವು ಹಳೆಯ ಬೆಂಗಳೂರಿನ ಸೊಗಸು ಎಂದು ಮೆಚ್ಚುವ ಬೀದಿಗಳ ನಕ್ಷೆಯಲ್ಲಿ ಪ್ಲೇಗಿನ ಭಯವೂ ಸೇರಿದೆ. ಅದೇ ನಗರದಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿಗಳೂ ಇವೆ. ಇಂಗ್ಲಿಷಿನ ರೋಗದ ಹೆಸರು ಅಮ್ಮನ ಹೆಸರಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ, 1898ರ ಜೂನ್ 2ರಂದು, ಕರಾಚಿಯಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಪಾಶ್ಚರ್ ಸಂಸ್ಥೆ ಕಳಿಸಿದ್ದ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮಾಂಡ್ ಎರಡು ವಿಷಯಗಳನ್ನು ಗಮನಿಸಿದ್ದರು. ಕೆಲವು ರೋಗಿಗಳ ಮೈಮೇಲೆ, ಹೆಚ್ಚಾಗಿ ಕಾಲಿನ ಮೇಲೆ, ಕೀಟ ಕಚ್ಚಿದಂಥ ಪುಟ್ಟ ಗುಳ್ಳೆ ಇರುತ್ತಿತ್ತು. ಅದರೊಳಗೆ ಪ್ಲೇಗಿನ ಬ್ಯಾಕ್ಟೀರಿಯಾ ಸಿಗುತ್ತಿತ್ತು. ಆಗತಾನೆ ಸತ್ತ ಇಲಿಯನ್ನು ಮುಟ್ಟಿದವರಿಗೆ ರೋಗ ಬರುತ್ತಿತ್ತು, ಸತ್ತು ತಣ್ಣಗಾಗಿ ಬಹಳ ಹೊತ್ತಾದ ಇಲಿಯಿಂದ ಬರುತ್ತಿರಲಿಲ್ಲ. ಸಿಮಾಂಡ್ ಪ್ಲೇಗ್ ರೋಗಿಯ ಮನೆಯಿಂದ ಕಾಯಿಲೆ ಬಿದ್ದ ಇಲಿಯೊಂದನ್ನು ಹಿಡಿದು ತಂದು ದೊಡ್ಡ ಗಾಜಿನ ಪಾತ್ರೆಯಲ್ಲಿಟ್ಟರು. ಅದರ ಮೈಮೇಲೆ ಚಿಗಟಗಳಿದ್ದವು. ಅದು ಸಾಯುವ ಹೊತ್ತಿಗೆ, ಆರೋಗ್ಯವಾಗಿದ್ದ ಮತ್ತೊಂದು ಇಲಿಯನ್ನು ಸಣ್ಣ ಲೋಹದ ಪಂಜರದಲ್ಲಿಟ್ಟು ಅದೇ ಪಾತ್ರೆಯೊಳಗೆ ತೂಗುಹಾಕಿದರು. ಎರಡೂ ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ, ಚಿಗಟ ಮಾತ್ರ ಹಾರಿ ಹೋಗಬಹುದಿತ್ತು. ಕೆಲವು ದಿನಗಳಲ್ಲಿ ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಚಿಗಟವಿಲ್ಲದ ರೋಗಿ ಇಲಿಯ ಜೊತೆ ಇಟ್ಟ ಇಲಿಗಳಿಗೆ ಏನೂ ಆಗಲಿಲ್ಲ.

ಸಿಮಾಂಡ್ ಇದನ್ನು ಅದೇ ವರ್ಷ ಪ್ರಕಟಿಸಿದರು. ಯಾರೂ ನಂಬಲಿಲ್ಲ. ಆ ಹೊತ್ತಿಗೆ ಭಾರತ ಸರ್ಕಾರ ನೇಮಿಸಿದ್ದ ಪ್ಲೇಗ್ ಆಯೋಗ ದೇಶವಿಡೀ ತಿರುಗಿ ಸಾಕ್ಷ್ಯ ಸಂಗ್ರಹಿಸುತ್ತಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮಸ್ ಫ್ರೇಸರ್ ಅದರ ಅಧ್ಯಕ್ಷರು. ರೋಗ ಹರಡುವುದರಲ್ಲಿ ಇಲಿಗೆ ದೊಡ್ಡ ಪಾತ್ರವಿಲ್ಲ ಎಂದ ಆಯೋಗ, ಚಿಗಟದ ವಾದವನ್ನು ಗಂಭೀರವಾಗಿ ತೆಗೆದುಕೊಳ್ಳಲೇ ಇಲ್ಲ. ಇದನ್ನು ಬರೀ ವಸಾಹತುಶಾಹಿಯ ಅಹಂಕಾರ ಎಂದು ಬದಿಗಿಡುವುದು ಸುಲಭ. ಆದರೆ ಆ ವಿಜ್ಞಾನಿಗಳ ಕಷ್ಟವೂ ನಿಜವಾಗಿತ್ತು. ಸಿಮಾಂಡ್‌ರ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ ಕೆಲವರಿಗೆ ಅದೇ ಫಲ ಸಿಗಲಿಲ್ಲ. ಚಿಗಟಗಳಲ್ಲಿ ಹಲವು ಜಾತಿಗಳಿವೆ, ಎಲ್ಲವೂ ರೋಗವನ್ನು ಒಂದೇ ಬಗೆಯಲ್ಲಿ ಸಾಗಿಸುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ತಪ್ಪು ಬೇರೆಡೆ ಇತ್ತು. ದಾರಿ ಗೊತ್ತಿಲ್ಲದಿದ್ದರೂ ಗೊತ್ತಿದೆಯೆಂಬಂತೆ ಜನರ ಮನೆ ಅಗೆದದ್ದು, ಹೆಣ ಕಿತ್ತುಕೊಂಡದ್ದು, ಎದುರಿಸಿದವರನ್ನು ಮೌಢ್ಯದವರೆಂದು ಕರೆದದ್ದು, ಇವು ವಿಜ್ಞಾನದ ಮಿತಿಯಿಂದ ಆದವಲ್ಲ.

ಅದೇ ವರ್ಷ ಹುಬ್ಬಳ್ಳಿಯಲ್ಲಿ ಬೇರೊಂದು ಬಗೆಯ ಘಟನೆ ನಡೆಯಿತು. ಈಗಿನ ಉಕ್ರೇನಿನ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ 1896ರ ಕೊನೆಯಲ್ಲಿ ಮುಂಬಯಿಗೆ ಬಂದು, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿದ್ದರು. ಮಾಂಸದ ಸಾರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಬಿಸಿಯಿಂದ ಅವನ್ನು ಕೊಂದು, ಆ ದ್ರವವನ್ನು ಚುಚ್ಚುವುದು ಅವರ ವಿಧಾನ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಬ್ಯಾಕ್ಟೀರಿಯಾ ಆ ಹನಿಗಳಿಂದ ಬಿಳಲುಗಳಂತೆ ಕೆಳಗೆ ಇಳಿಬೀಳುತ್ತಿದ್ದವು. 1897ರ ಜನವರಿ 10ರಂದು ಹಾಫ್‌ಕಿನ್ ಮೊದಲ ಚುಚ್ಚುಮದ್ದನ್ನು ತಮಗೇ ಹಾಕಿಸಿಕೊಂಡರು. ಆಮೇಲೆ ಭೈಕಳಾ ಜೈಲಿನ ಕೈದಿಗಳ ಮೇಲೆ ಅದರ ಪರೀಕ್ಷೆ ನಡೆಯಿತು. ಹುಬ್ಬಳ್ಳಿಯಲ್ಲಿ 1898ರಲ್ಲಿ ಡಾ. ಲ್ಯೂಮನ್ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಸುಮಾರು 50,000 ಜನರಿದ್ದ ಊರಿನಲ್ಲಿ 35,000ಕ್ಕೂ ಹೆಚ್ಚು ಮಂದಿ ತೋಳು ಚಾಚಿದರು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಿತ್ತು. ಅಷ್ಟು ದೊಡ್ಡ ಪಾಲು ಜನ ಲಸಿಕೆ ಪಡೆದ ಉದಾಹರಣೆ ಆಗ ದೇಶದಲ್ಲಿ ಅಪರೂಪ. ಎರಡು ದಿನ ಜ್ವರ, ತೋಳಿನ ಬಾವು, ಎಲ್ಲಿಂದಲೋ ಬಂದ ಮಾಂಸದ ಸಾರಿನ ವದಂತಿ, ಇವೆಲ್ಲವನ್ನು ದಾಟಿ ಜನ ಬಂದಿದ್ದರು. ಕಣ್ಣೆದುರು ಸಾವು ತಗ್ಗುವುದನ್ನು ಕಂಡರೆ ಜನ ಸೂಜಿಗೆ ಹೆದರುವುದಿಲ್ಲ ಎಂಬುದಕ್ಕೆ ಹುಬ್ಬಳ್ಳಿ ಸಾಕ್ಷಿ. ‘ಮೂಢ ಜನ’ ಎಂಬ ಸರ್ಕಾರಿ ವರದಿಗಳ ಮಾತನ್ನು ಓದುವಾಗ ಈ ಊರನ್ನು ನೆನಪಿಡಬೇಕು.

ಆ ವಿಶ್ವಾಸಕ್ಕೆ ಪೆಟ್ಟು ಬಿದ್ದದ್ದು ಇನ್ನೊಂದು ಬ್ಯಾಕ್ಟೀರಿಯಾದಿಂದ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ. ಅದು ಮುಂಬಯಿಯ ಪ್ರಯೋಗಾಲಯದಲ್ಲೇ ಬಾಟಲಿಗೆ ಸೇರಿತು ಎಂದು ವಿಚಾರಣಾ ಆಯೋಗ ಹೇಳಿತು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಆದರೆ ಬಾಟಲಿಯ ಬಿರಡೆ ತೆಗೆಯುವಾಗ ಹಳ್ಳಿಯಲ್ಲಿ ಸಹಾಯಕನೊಬ್ಬನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಲಾಗಿತ್ತು ಎಂಬ ಸಂಗತಿ ದಾಖಲೆಗಳಲ್ಲಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಹಾಫ್‌ಕಿನ್ ಪರವಾಗಿ ವಾದಿಸಿ, 1907ರಲ್ಲಿ ಅವರ ಮೇಲಿನ ಆರೋಪ ತೊಳೆಯುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಅದೇ 1907ರಲ್ಲಿ ಭಾರತದಲ್ಲಿ ಪ್ಲೇಗಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಚಿಗಟದ ದಾರಿ ಕೊನೆಗೂ ಸ್ಪಷ್ಟವಾದದ್ದು ಮುಂಬಯಿಯ ಪರೇಲಿನಲ್ಲಿ. ಗ್ಲೆನ್ ಲಿಸ್ಟನ್ ಎಂಬ ವೈದ್ಯಾಧಿಕಾರಿ ಇಲಿಯ ಚಿಗಟಗಳ ಬಗ್ಗೆ ಮೊದಲೇ ಕೆಲಸ ಮಾಡಿದ್ದರು. 1905ರಿಂದ ಹೊಸ ಸಂಶೋಧಕರ ತಂಡವೊಂದು ಅದನ್ನು ಮುಂದುವರಿಸಿತು. ಪ್ಲೇಗ್ ಬಂದ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟರು. ನೆಲದಿಂದ ಎರಡು ಅಂಗುಲ ಎತ್ತರದಲ್ಲಿ ತೂಗುಹಾಕಿದ ಗಿನಿಪಿಗ್‌ಗೆ ರೋಗ ಬಂತು, ಎರಡು ಅಡಿ ಎತ್ತರದಲ್ಲಿ ತೂಗುಹಾಕಿದ್ದಕ್ಕೆ ಬರಲಿಲ್ಲ. ಚಿಗಟ ಅಷ್ಟು ಎತ್ತರ ಹಾರದು. ಗಾಳಿ, ಕೊಳಕು, ನೆಲದ ತೇವ ಇವುಗಳ ಮೇಲೆ ಹೊರಿಸಿದ್ದ ಆರೋಪಕ್ಕೆ ಈ ಒಂದು ಅಳತೆ ಉತ್ತರ ಕೊಟ್ಟಿತು. ಇನ್ನೂ ಕೆಲವು ವರ್ಷಗಳ ನಂತರ, 1914ರಲ್ಲಿ, ಲಂಡನ್ನಿನಲ್ಲಿ ಬೇಕಟ್ ಮತ್ತು ಮಾರ್ಟಿನ್ ಚಿಗಟದ ಹೊಟ್ಟೆಯೊಳಗಿನ ಗುಟ್ಟನ್ನು ಬಿಡಿಸಿದರು. ರೋಗಿ ಇಲಿಯ ರಕ್ತದ ಜೊತೆ ಬಂದ ಬ್ಯಾಕ್ಟೀರಿಯಾ ಚಿಗಟದ ಅನ್ನನಾಳದ ತುದಿಯಲ್ಲಿ ಬೆಳೆದು ಬಿರಡೆಯಂತೆ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ಹೀರಿದರೂ ರಕ್ತ ಹೊಟ್ಟೆಗಿಳಿಯುವುದಿಲ್ಲ. ಹಸಿದ ಚಿಗಟ ಮತ್ತೆಮತ್ತೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ಹೀರಿದ ರಕ್ತವನ್ನು ಬ್ಯಾಕ್ಟೀರಿಯಾ ಸಮೇತ ಗಾಯದೊಳಕ್ಕೇ ಕಕ್ಕುತ್ತದೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಅದನ್ನು ಬಿಟ್ಟು ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತದೆ. ಹತ್ತಿರದಲ್ಲಿ ಬೇರೆ ಇಲಿ ಉಳಿದಿಲ್ಲದಿದ್ದರೆ ಸಿಗುವುದು ಮನುಷ್ಯನ ಕಾಲು. ಕಾಲಿಗೆ ಕಚ್ಚಿದ್ದರಿಂದಲೇ ಗಡ್ಡೆ ಹೆಚ್ಚಾಗಿ ತೊಡೆಸಂದಿನಲ್ಲಿ ಏಳುತ್ತದೆ.

ಈಗ ‘ಇಲಿ ಬಿತ್ತು’ ಎಂಬ ಮಾತಿಗೆ ಮರಳೋಣ. ಇಲಿ ಬೀಳುವುದಕ್ಕೂ ಮನುಷ್ಯ ಮಲಗುವುದಕ್ಕೂ ನಡುವೆ ಕೆಲವು ದಿನಗಳ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಮನೆ ಬಿಟ್ಟವನು ಚಿಗಟಗಳನ್ನೂ ಬಿಟ್ಟು ಹೋಗುತ್ತಾನೆ. ಹೊಲದ ಬಯಲಿನಲ್ಲಿ ಸೋಗೆಯ ಗುಡಿಸಲು ಕಟ್ಟಿ ಎರಡು ಮೂರು ತಿಂಗಳು ಕಳೆಯುವ ಹಳ್ಳಿಯವರ ಕ್ರಮ ಆಯೋಗದ ದಪ್ಪ ವರದಿಗಿಂತ ರೋಗದ ನಿಜವಾದ ದಾರಿಗೆ ಹತ್ತಿರವಿತ್ತು. ಊರು ಬಿಡಿಸುವುದು ಉಪಯುಕ್ತ ಎಂದು ಸರ್ಕಾರಿ ವೈದ್ಯರೂ ಕ್ರಮೇಣ ಒಪ್ಪಿದರು, ಆದರೆ ಅವರ ಕಾರಣ ಬೇರೆ: ಕೆಟ್ಟ ಮನೆಯಿಂದ ಒಳ್ಳೆಯ ಗಾಳಿಗೆ ಬಂದರು ಎಂಬುದು.

ಜನರ ಅರಿವನ್ನು ಪೂರ್ಣ ಎಂದು ಹೊಗಳಬೇಕಾಗಿಲ್ಲ. ಅವರು ಸೂಚನೆ ಓದಿದ್ದರು, ಚಿಗಟವನ್ನು ಕಂಡಿರಲಿಲ್ಲ. ಗುಡಿಸಲಿಗೆ ಸಾಗಿಸಿದ ಧಾನ್ಯದ ಮೂಟೆಯಲ್ಲಿ, ಕಂಬಳಿಯ ಮಡಿಕೆಯಲ್ಲಿ ಚಿಗಟವೂ ಬರಬಹುದಿತ್ತು. ನೆಂಟರ ಊರಿಗೆ ಓಡಿದವರು ರೋಗವನ್ನೂ ಕೊಂಡೊಯ್ದಿರಬಹುದು. ಎಲ್ಲರಿಗೂ ಊರು ಬಿಡುವ ಅನುಕೂಲವೂ ಇರಲಿಲ್ಲ. ಗುಡಿಸಲಿಗೆ ಗಳು, ಸೋಗೆ ಬೇಕು. ಅದನ್ನು ಹಾಕಲು ಜಾಗ ಬೇಕು. ಕೂಲಿ ಬಿಟ್ಟು ಕೂತರೆ ಹೊಟ್ಟೆಗೆ ಬೇಕು. ಇಲಿಯ ಅರ್ಥ ತಿಳಿದಿದ್ದ ಊರಿನಲ್ಲಿದ್ದೂ ನಂಜಮ್ಮನ ಮಕ್ಕಳು ಉಳಿಯಲಿಲ್ಲವಷ್ಟೆ. ಭೈರಪ್ಪನವರ ಸ್ವಂತ ಮನೆಯನ್ನೂ ಪ್ಲೇಗು ಮುರಿದಿತ್ತು ಎಂದು ತಿಳಿದವರಿಗೆ ಆ ಪುಟಗಳು ಇನ್ನಷ್ಟು ಭಾರ. 1896ರಿಂದ ಕೆಲವು ದಶಕಗಳಲ್ಲಿ ಭಾರತದಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಅಷ್ಟು ಮನೆಗಳ ಕಥೆಯಲ್ಲಿ ನಮಗೆ ದಕ್ಕಿರುವುದು ಇಂಥ ಒಂದೆರಡು.

ಆ್ಯಂಟಿಬಯೊಟಿಕ್‌ಗಳು ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಸಕಾಲಕ್ಕೆ ಸಿಕ್ಕರೆ ಪ್ಲೇಗ್ ರೋಗಿ ಬದುಕುತ್ತಾನೆ. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕಾಣಿಸಿಕೊಂಡ ಪ್ರಕರಣಗಳ ನಂತರ ಸುಮಾರು ಮೂರು ದಶಕ ದೇಶದಲ್ಲಿ ಮನುಷ್ಯರಿಗೆ ಪ್ಲೇಗ್ ಬಂದ ವರದಿಯಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್‌ನಲ್ಲಿ, ಬೆನ್ನಿಗೇ ಗುಜರಾತಿನ ಸೂರತ್‌ನಲ್ಲಿ ಅದು ಮರಳಿತು. ಹಿಂದಿನ ವರ್ಷದ ಭೂಕಂಪದ ನಂತರ ಜನ ಬಿಟ್ಟುಹೋದ ಮನೆಗಳಲ್ಲಿ ಧಾನ್ಯ ಉಳಿದು ಇಲಿಗಳು ಹೆಚ್ಚಿದವು ಎಂಬುದು ಬೀಡ್ ಬಗ್ಗೆ ಆಗ ಕೇಳಿಬಂದ ವಿವರಣೆ. ಸೂರತ್ತಿನಲ್ಲಿ ಸತ್ತವರು ಐವತ್ತರ ಆಸುಪಾಸು, ರೈಲು ಬಸ್ಸು ಹತ್ತಿ ಓಡಿದವರು ಲಕ್ಷಗಟ್ಟಲೆ. ಔಷಧದಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿಯಾಯಿತು. ಮದ್ದು ಇದ್ದ ಕಾಲದಲ್ಲೂ ಹಳೆಯ ಭಯ ಹಾಗೇ ಉಳಿದಿತ್ತು.

ಯರ್ಸಿನಿಯಾ ಪೆಸ್ಟಿಸ್ ಭೂಮಿಯಿಂದ ಹೋಗಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಸೇರುವ ಗಡಿಯ ಸೀಮೆ ಅದು ಕಾಡಿಲಿಗಳಲ್ಲಿ ಉಳಿದುಬಂದ ತಾಣಗಳಲ್ಲೊಂದು ಎಂದು ಗುರುತಿಸಲಾಗಿದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕವೊಂದು ಬೆಂಗಳೂರಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿನವರು ಹೊಲಗದ್ದೆಗಳಲ್ಲಿ ಇಲಿ ಹಿಡಿದು, ಮೈಯಿಂದ ಚಿಗಟ ಆಯ್ದು, ರಕ್ತ ಪರೀಕ್ಷಿಸುತ್ತಾರೆ. ಯಾವುದಾದರೂ ಊರಿನಲ್ಲಿ ಇಲಿಗಳು ಕಾರಣವಿಲ್ಲದೆ ಸತ್ತರೆ ತಿಳಿಸಿ ಎಂದು ಆರೋಗ್ಯ ಇಲಾಖೆ ಇಂದು ಜನರನ್ನೇ ಕೇಳುತ್ತದೆ.